ಆರು ಪುಟದೊಳಗೆ

ಆಗಸ್ಟ್ 6, ಮಂಗಳವಾರ. ಬೆಳಿಗ್ಗೆ 5.40

ಮತ್ತೆ ಎಣಿಸಿದೆ. ಹನ್ನೊಂದು ಅಧ್ಯಾಯ. ಮೊದಲನೆಯದು ಹದಿನಾಲ್ಕು ಪುಟ, ಎರಡನೆಯದು ಮೂರು, ಮೂರನೆಯದು ಇಪ್ಪತ್ತು. ತಲೆಬುಡ ಒಂದೂ ಇಲ್ಲ. ನಿನ್ನೆ ಆಕ್ಲೆಂಡಿನಿಂದ ನಮ್ಮ ದ್ವೀಪಕ್ಕೆ ಫಿಲಿಪಾ ಫೋನ್. ನನ್ನ ಕಾದಂಬರಿಯ ಸಂಪಾದಕಿ.

"ಎಲ್ಲಾನೂ ಆರೇ ಪುಟಕ್ಕೆ ತನ್ನಿ ಲೊಸಲಿನಿ. ಜನ ಬಸ್ಸಲ್ಲಿ ಓದ್ತಾರೆ. ಸ್ಟಾಪ್ ಬರೋದ್ರೊಳಗೆ ಒಂದು ಅಧ್ಯಾಯ ಮುಗೀಬೇಕು."

ಬಸ್ ಸ್ಟಾಪಿನ ಅಳತೆಗೆ ಕಾದಂಬರಿ. ಥೂ.

ಅದಕ್ಕಿಂತ ಹೇಸಿಗೆ ಇನ್ನೊಂದು — ಒಳಗೊಳಗೇ ಖುಷಿಯಾಯಿತು. ಏಳನೆಯ ಅಧ್ಯಾಯ ನೈತೆಯದು. ಸತ್ತುಹೋದ ನನ್ನ ತಂಗಿ. ಆರು ಪುಟ ಎಂದರೆ ಅವಳು ದೋಣಿ ನಿಲ್ಲುವ ಧಕ್ಕೆ ತಲುಪುವ ಮೊದಲೇ ನಿಲ್ಲಿಸಬಹುದು.

ಆಗಸ್ಟ್ 8, ಗುರುವಾರ

ಕಡಿದೆ. ಹನ್ನೊಂದಿದ್ದದ್ದು ಇಪ್ಪತ್ತಾರು. ಪ್ರತಿಯೊಂದರ ಕೊನೆಗೂ ಯಾರೋ ಬಾಗಿಲು ಬಡಿಯುತ್ತಾರೆ, ಇಲ್ಲವೇ ಫೋನ್ ರಿಂಗಾಗುತ್ತದೆ. ಓದಿದರೆ ವಾಕರಿಕೆ. ಕಳಿಸಿದೆ. "ಸೂಪರ್!" ಎಂದು ಫಿಲಿಪಾ ಉತ್ತರ.

ಆಗಸ್ಟ್ 13, ಮಂಗಳವಾರ

ಚರ್ಚಿನ ಹಿಂದಿನ ಶೆಡ್ಡು. ಮದುವೆಯೊಂದಕ್ಕೆ ಮರದ ತೊಗಟೆ ಬಡಿದು ಮಾಡುವ ಬಟ್ಟೆ ತಯಾರಾಗುತ್ತಿದೆ. ಉದ್ದ ಹಲಗೆಯ ಆಚೀಚೆ ಎಂಟು ಹೆಂಗಸರು, ಅಮ್ಮನೂ ಸೇರಿ. ಅರೆಬೆಂದ ಮರಗೆಣಸು ಉಜ್ಜಿ ಪದರಕ್ಕೆ ಪದರ ಅಂಟಿಸುವುದು, ಒಂದು ಪಟ್ಟಿ ಮುಗಿದರೆ ಬಟ್ಟೆ ಎಳೆದು ಮುಂದಿನದು. ನನ್ನ ಕೈಯಿಂದ ಆ ಕೆಲಸ ಆಗದು. ಅದಕ್ಕೇ ಓದಿ ಹೇಳುವ ಕೆಲಸ. ಪಟ್ಟಿ ಅರ್ಧವಾಗುವುದರೊಳಗೆ ಅಧ್ಯಾಯ ಖಲಾಸ್.

"ಇಷ್ಟೇನಾ?" ಎಂದಳು ಫೂಸಿ ಚಿಕ್ಕಮ್ಮ. "ಇದೇನು ಕತೇನೋ, ಬಿಕ್ಕಳಿಕೇನೋ?" ಎಲ್ಲರೂ ಬಿದ್ದು ಬಿದ್ದು ನಕ್ಕರು.

ನೈತೆಯ ಹಳೆಯ ಏಳನೆಯದು, ಆರು ಪುಟಕ್ಕೆ ಕಡಿದದ್ದು, ಓದಿದೆ. ನೈತೆ ಬುಟ್ಟಿ ಹಿಡಿದು ಧಕ್ಕೆಯ ದಾರಿಗೆ ತಿರುಗಿದಳು... ಅಷ್ಟೇ. ಈ ಸಲ ಯಾರೂ ನಗಲಿಲ್ಲ.

"ಆಮೇಲಿಂದು?" ಎಂದಳು ಚಿಕ್ಕಮ್ಮ.

ಅಮ್ಮ ಉಜ್ಜುತ್ತಲೇ ಹೇಳಿದಳು: "ಆಮೇಲಿಂದು ಊರಿಗೇ ಗೊತ್ತಲ್ಲ. ಧಕ್ಕೆ ಕಡೆ ಹೋಗಬೇಡ ಅಂತ ಬಡ್ಕೊಂಡೆ. ಅಕ್ಕನ ಕೈಯಿಂದ ಬುಟ್ಟಿ ಕಿತ್ಕೊಂಡು ಓಡ್ತು, ಮೊಂಡು ಮುಂಡೇದು. ಸಮುದ್ರದ ಪಾಲಾಯ್ತು."

ಮೂವತ್ತೆರಡು ವರ್ಷದಿಂದ ಇದೇ ಮಾತು. ಸಾವಿನ ಮನೆಗಳಲ್ಲಿ, ಮೊಮ್ಮಕ್ಕಳಿಗೆ ಬುದ್ಧಿ ಹೇಳುವಾಗ. ಕಿತ್ತುಕೊಂಡು ಓಡಿದಳು ಎಂದು ಅವತ್ತು ಹೇಳಿದವಳು ನಾನು. ಆ ಬುಟ್ಟಿಯಲ್ಲಿ ಅಪ್ಪನ ಊಟ ಧಕ್ಕೆಗೆ ಒಯ್ಯಬೇಕಾಗಿದ್ದವಳೂ ನಾನೇ. ಹದಿನಾಲ್ಕು ವರ್ಷ ನನಗೆ. ಚಾಪೆಯ ಮೇಲೆ ಬಿದ್ದುಕೊಂಡು ಪುಸ್ತಕ ಓದುತ್ತಿದ್ದೆ, ಅಧ್ಯಾಯ ಮುಗಿದಿರಲಿಲ್ಲ. ನೀನೇ ಹೋಗು, ಅಮ್ಮನಿಗೆ ಹೇಳಬೇಡ ಎಂದು ಕಳಿಸಿದೆ. ಅವಳಿಗೆ ಒಂಬತ್ತು.

ನನ್ನ ತಪ್ಪನ್ನು ಸತ್ತ ಮಗುವಿನ ತಲೆಗೆ ಕಟ್ಟಿ, ಈಗ ಬಸ್ಸಿನ ಓದುಗರ ಹಿಂದೆ ಅಡಗಿದ್ದೇನೆ. ನನ್ನ ಮೇಲೆ ನನಗೇ ಉಗಿಯಬೇಕು ಅನಿಸುತ್ತಿದೆ.

ಆಗಸ್ಟ್ 25, ಭಾನುವಾರ

ಹನ್ನೆರಡು ದಿನ ಪೆನ್ನು ಮುಟ್ಟಿಲ್ಲ. ಇವತ್ತು ಊರಲ್ಲಿ ಯಾರೂ ಕೆಲಸ ಮಾಡುವ ಹಾಗಿಲ್ಲ, ಅಂಗಡಿ ಕೂಡ ಮುಚ್ಚಿದೆ. ತಲೆನೋವು ಎಂದು ಸುಳ್ಳು ಹೇಳಿ ಚರ್ಚಿಗೆ ಹೋಗದೆ ಏಳನೆಯದನ್ನು ನಡೆದದ್ದು ನಡೆದ ಹಾಗೆ ಬರೆದೆ. ಹತ್ತೊಂಬತ್ತು ಪುಟ. ನಡುವೆ ನಿಲ್ಲಲು ಎಲ್ಲೂ ಜಾಗ ಬಿಟ್ಟಿಲ್ಲ.

ಏಳನೆಯದನ್ನು ಕಡಿಯುವುದಿಲ್ಲ ಎಂದು ಫಿಲಿಪಾಗೆ ಮೆಸೇಜ್ ಹಾಕಿದೆ. "ಹಾಗಾದ್ರೆ ಪುಸ್ತಕ ಬರೋದೇ ಕಷ್ಟ" ಎಂದಳು. ಬರದಿರಲಿ. ನನಗೆ ಭಯ ಅವಳದ್ದಲ್ಲ. ಅಮ್ಮನದ್ದು.

ಆಗಸ್ಟ್ 27, ಮಂಗಳವಾರ. ಸಂಜೆ 6

ಓದಿದೆ. ಶೆಡ್ಡಿನಲ್ಲಿ, ಅಮ್ಮನ ಎದುರೇ, ಪೂರ್ತಿ.

ಮೊದಲ ಪಟ್ಟಿ ಮುಗಿದರೂ ಯಾರೂ ಬಟ್ಟೆ ಎಳೆಯಲಿಲ್ಲ. ಅಂಟು ಒಣಗಿ ಬಟ್ಟೆ ಹಲಗೆಗೇ ಹಿಡಿದುಕೊಂಡಿತು. ಇಷ್ಟು ವರ್ಷದಲ್ಲಿ ಈ ಹೆಂಗಸರು ಇಂಥ ತಪ್ಪು ಮಾಡಿದ್ದು ನಾನು ನೋಡಿಲ್ಲ. ಅಮ್ಮನ ಕೈ ಮಾತ್ರ ಉಜ್ಜುತ್ತಲೇ ಇತ್ತು, ಒಣಗಿದ ಜಾಗವನ್ನೇ.

ಕೊನೆಯ ಪುಟ ಮಡಿಸಿದೆ. ಅಮ್ಮ ಬೈಯಲಿ, ಹೊಡೆಯಲಿ ಎಂದು ಕಾದೆ. ಚಿಕ್ಕಮ್ಮ ಅವಳ ಭುಜ ಹಿಡಿಯಲು ಹೋದಳು. ಅಮ್ಮ ಕೊಡವಿಕೊಂಡಳು.

"ಲೊಸೆ," ಎಂದಳು. "ಅವತ್ತು ನಿನ್ನ ಅಧ್ಯಾಯ ಮುಗಿಯೋಕೆ ಎಷ್ಟು ಪುಟ ಇತ್ತು?"

ನೆನಪಿದೆ. ಮರೆತ ದಿನವೇ ಇಲ್ಲ.

"ಎರಡು, ಅಮ್ಮ."

"ಎರಡೇ?"

ಎದ್ದಳು. ಕೈ ತೊಳೆಯಲು ಹೋದವಳು ಇನ್ನೂ ಬಂದಿಲ್ಲ.