ನಾದಿನಿಯ ಮೊಣಕಾಲು

ದೀಪಿಕಾ,

ಬ್ಯಾಡಗಿಯಿಂದ ನಿನ್ನ ವೈನಿ ಸುಧಾರಾಣಿಯ ಆಶೀರ್ವಾದ. ಮೊದಲು ನಿನ್ನ ಬಲಗಾಲಿಗೆ, ಆಮೇಲೆ ನಿನಗೆ.

ನಿನ್ನೆ ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟ ಸಂಜೆ ಆರಕ್ಕೆ ಆಯಿತು. ಅಡುಗೆಯೇನೋ ಹೊತ್ತಿಗೆ ಸರಿಯಾಗಿ ಮುಗಿದಿತ್ತು, ಆದರೆ ನಿನ್ನ ಮ್ಯಾಚ್ ಮುಗಿಯುವವರೆಗೆ ಯಾರಿಗೂ ತಾಟಿನ ಮುಂದೆ ಕೂರುವ ಧೈರ್ಯವಿರಲಿಲ್ಲ. ಮುಗಿದ ಮೇಲೆ ನೋಡಬೇಕಿತ್ತು ನೀನು. ನಿಮ್ಮಣ್ಣ ರೊಟ್ಟಿಯ ಮೇಲೆ ರೊಟ್ಟಿ ಹಾಕಿಸಿಕೊಂಡರು. ನೀವು ಒಂದು ಗೋಲಿನಿಂದ ಸೋತಿರಿ ಎನ್ನುವುದು ಅವರಿಗೆ ನೆನಪಾಗಿದ್ದು ಅನ್ನಕ್ಕೆ ಮಜ್ಜಿಗೆ ಹಾಕಿಕೊಳ್ಳುವಾಗ.

ಆಮೇಲೆ ನಿನಗೆ ಫೋನ್ ಹಚ್ಚಿದೆ. ನೀನು ಬಸ್ಸಿನಲ್ಲಿದ್ದೆ, ಹಿಂದೆ ನಿನ್ನ ಗೆಳತಿಯರ ಗದ್ದಲ. "ಎಲ್ಲಾ ಚೊಲೋ ಐತ್ರಿ ವೈನಿ, ಆಮ್ಯಾಲೆ ಮಾತಾಡ್ತೇನಿ" ಎಂದು ಇಟ್ಟುಬಿಟ್ಟೆ. ನಿನ್ನ ಆಮ್ಯಾಲೆ ಎಂಥದು ಅಂತ ನನಗೆ ಗೊತ್ತು. ನಿಮ್ಮಣ್ಣ ಸೋಮವಾರ ಮೆಣಸಿನಕಾಯಿ ಮಾದರಿ ತೆಗೆದುಕೊಂಡು ಕೇರಳಕ್ಕೆ ಹೊರಟಿದ್ದಾರೆ. ನಿನ್ನ ಕ್ಲಬ್ಬಿನ ಹಾಸ್ಟೆಲಿಗೂ ಬರುತ್ತಾರೆ. ರೊಟ್ಟಿ, ಶೇಂಗಾ ಚಟ್ನಿ, ಇವುಗಳ ಜೊತೆ ಈ ಪತ್ರ ಕಳಿಸುತ್ತಿದ್ದೇನೆ. ರೊಟ್ಟಿಯನ್ನು ಎಲ್ಲರಿಗೂ ಹಂಚು. ಪತ್ರವನ್ನು ಒಬ್ಬಳೇ ಓದು, ಇದರಲ್ಲಿ ನಿನ್ನ ಮರ್ಯಾದೆ ಹೋಗುವ ಸಂಗತಿಗಳಿವೆ.

ನಿನ್ನ ಮುಖವನ್ನು ನಾನು ಸರಿಯಾಗಿ ನೋಡಿದ್ದೇ ಈ ಮನೆಯ ಬಾಗಿಲಲ್ಲಿ. ಹಲಗೇರಿಯಲ್ಲಿ ತಾಳಿ ಕಟ್ಟಿಸಿಕೊಂಡು, ಬಿಸಿಲಿನಲ್ಲಿ ಬೆಂದು, ನಿಮ್ಮಣ್ಣನ ಹಿಂದೆ ಹೊಸ್ತಿಲ ಮುಂದೆ ನಿಂತಿದ್ದೆ. ನಾದಿನಿಯಾದವಳು ಬಾಗಿಲಿಗೆ ಅಡ್ಡ ನಿಂತು, ಗಂಡ ಹೆಂಡಿರ ಬಾಯಲ್ಲಿ ಒಬ್ಬರ ಹೆಸರು ಒಬ್ಬರಿಂದ ಹೇಳಿಸಿ, ಏನಾದರೂ ಉಡುಗೊರೆ ಕೇಳಿಯೇ ಒಳಗೆ ಬಿಡಬೇಕಲ್ಲ. ನೀನು ಸೀರೆ ಕೇಳುತ್ತೀ ಎಂದು ನಮ್ಮವ್ವ ಪೆಟ್ಟಿಗೆಯಲ್ಲಿ ಒಂದು ಇಳಕಲ್ ಸೀರೆ ಇಟ್ಟು ಕಳಿಸಿದ್ದಳು. ಎಂಟನೆಯ ತರಗತಿಯ ನೀನು ಎರಡೂ ಕೈಗಳನ್ನು ಚೌಕಟ್ಟಿಗೆ ಹಚ್ಚಿ, "ಸೀರಿ ಒಲ್ಲೆ ವೈನಿ. ತಳಕ್ಕ ಮುಳ್ಳಿರೋ ಬೂಟ್ ಬೇಕು, ಫುಟ್‌ಬಾಲ್ ಆಡೋವು. ಹೂಂ ಅಂದ್ರ ಒಳಗ ಬರ್ರಿ" ಅಂದೆ. ಅತ್ತೆ ನಿನ್ನ ರಟ್ಟೆ ಹಿಡಿದು ಎಳೆದರೂ ನೀನು ಜಗ್ಗಲಿಲ್ಲ. ನನಗೆ ಹಸಿವು ಜೀವ ಹಿಂಡುತ್ತಿತ್ತು. "ಕೊಡಸ್ತೀನಿ, ಬಿಡ ನಮ್ಮವ್ವ" ಅಂದುಬಿಟ್ಟೆ. ಬೂಟಿನ ತಳಕ್ಕೆ ಮುಳ್ಳಿರುತ್ತವೆ ಎಂಬುದೇ ನನಗೆ ಆಗ ಗೊತ್ತಿರಲಿಲ್ಲ. ನಿನ್ನ ಫುಟ್‌ಬಾಲಿನ ಉಸಾಬರಿಯಲ್ಲಿ ನಾನು ಸಿಕ್ಕಿಬಿದ್ದದ್ದು ಹಾಗೆ.

ಬೂಟು ತರಲು ರಾಣೇಬೆನ್ನೂರಿಗೆ ಹೋದಾಗಲೇ ನಿನ್ನ ಬಾಬಾಜಾನ ಸರ್ ಅವರನ್ನು ಕಂಡದ್ದು. ರೈಲ್ವೆ ಟೀಮಿನಲ್ಲಿ ಆಡಿ ನಿವೃತ್ತರಾದ ಮನುಷ್ಯ, ಭಾನುವಾರ ಭಾನುವಾರ ಮೈದಾನದಲ್ಲಿ ಹುಡುಗರಿಗೆ ಆಟ ಕಲಿಸುತ್ತಿದ್ದರು. ಅಷ್ಟು ಹುಡುಗರ ನಡುವೆ ನೀನು, ಶಬನಮ್ ಇಬ್ಬರೇ ಹುಡುಗಿಯರು. ನಿನ್ನನ್ನು ಒಬ್ಬಳನ್ನೇ ಕಳಿಸುವುದಿಲ್ಲ ಎಂದು ಮಾವನವರು ಹಟ ಹಿಡಿದರು. ನನ್ನ ತವರು ಹಲಗೇರಿ ರಾಣೇಬೆನ್ನೂರಿಗೆ ಹತ್ತಿರವೇ. ಹೊಸ ಸೊಸೆ ತವರಿನ ಕಡೆ ಹೋಗುತ್ತೇನೆ ಎಂದರೆ ಯಾರು ತಡೆಯುತ್ತಾರೆ? ಪ್ರತಿ ಭಾನುವಾರ ನನಗೆ ತವರಿನ ನೆನಪು ಉಕ್ಕಿ ಬರತೊಡಗಿತು. ನಿನ್ನ ಆಟ ಮುಗಿಯುವವರೆಗೆ ಶಬನಮ್‌ಳ ತಾಯಿಯೂ ನಾನೂ ಬೇವಿನ ಮರದ ಕೆಳಗೆ ಕೂತು ಎರಡೂ ಮನೆಯ ಅತ್ತೆಯರ ಬಗ್ಗೆ ಮಾತಾಡುತ್ತಿದ್ದೆವು. ಅಷ್ಟು ಚೆಂದದ ಭಾನುವಾರಗಳು ನನಗೆ ಮತ್ತೆ ಸಿಗಲಿಲ್ಲ.

ಹಾವೇರಿಯ ಮೈದಾನದಲ್ಲಿ ಜಿಲ್ಲಾ ತಂಡಕ್ಕೆ ನಿನ್ನನ್ನು ಆರಿಸಿದರು. ಅಲ್ಲಿಂದ ರಾಜ್ಯದ ತಂಡ, ಅಲ್ಲಿಂದ ಬೆಂಗಳೂರಿನ ಒಂದು ಕ್ಲಬ್ಬು, ಆಮೇಲೆ ಈ ಕೇರಳದವರು. ಆಟವೇ ನಿನ್ನ ನೌಕರಿ ಎಂದು ಮಾವನವರಿಗೆ ತಿಳಿಸಿ ಹೇಳಲು ನಮಗೆ ಸಾಕುಬೇಕಾಯಿತು. ಆದರೆ ಒಮ್ಮೆ ತಲೆಗೆ ಹೋದ ಮೇಲೆ ಅವರನ್ನು ಹಿಡಿಯುವವರಿರಲಿಲ್ಲ. ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಪಕ್ಕದ ಅಂಗಡಿಯ ಪರಮೇಶಪ್ಪನವರು, "ನಾಗಪ್ಪಣ್ಣ, ನಿಮ್ಮ ಹುಡುಗಿ ಎಷ್ಟ ಗೋಲು ಹೊಡದಳಪಾ?" ಎಂದು ಕೇಳಿದರೆ, "ನಮ್ಮಾಕಿ ಹೊಡಿಯಾಕಿ ಅಲ್ಲೋ ಮಾರಾಯ, ಹೊಡಿಯಾಕ ಬಂದವ್ರನ್ನ ತಡಿಯಾಕಿ" ಎಂದು ಅಂಗಡಿಯ ಗಾದಿಯ ಮೇಲೆ ನೆಟ್ಟಗೆ ಕೂರುತ್ತಿದ್ದರು. ಅತ್ತೆ ಮಾತ್ರ ಒಂದೇ ಒಂದು ಮ್ಯಾಚನ್ನೂ ನೋಡಲಿಲ್ಲ. ಟಿವಿಯಲ್ಲಿ ನೀನು ಬಂದರೆ ಅವರು ಎದ್ದು ದೇವರ ಕೋಣೆಗೆ ಹೋಗುತ್ತಿದ್ದರು. ಹೆತ್ತ ಮಗಳನ್ನು ಮಂದಿ ಕೆಡವುವುದನ್ನು ಕೂತು ನೋಡುವುದಾಗುವುದಿಲ್ಲ ಎನ್ನುವುದು ಅವರ ಮಾತು.

ಆದರೆ ಹೋದ ವರ್ಷ ನಿನ್ನನ್ನು ಯಾರೂ ಕೆಡವಲಿಲ್ಲ. ಅಭ್ಯಾಸದಲ್ಲಿ ಚೆಂಡಿನ ಹಿಂದೆ ಓಡಿದ್ದೆ, ಗರಕ್ಕನೆ ತಿರುಗಿದೆ, ಮೊಣಕಾಲೊಳಗಿನ ಲಿಗಮೆಂಟ್ ಹರಿಯಿತು. ಹುಬ್ಬಳ್ಳಿಯಲ್ಲಿ ಆಪರೇಶನ್ ಆಗಿ ನೀನು ಮನೆಗೆ ಬಂದೆ. ತಿಂಗಳುಗಟ್ಟಲೆ ವ್ಯಾಯಾಮ ಮಾಡಿದೆ. ಕೊನೆಗೆ ಡಾಕ್ಟರರು, ಕಾಲು ಗಟ್ಟಿಯಾಗಿದೆ, ಇನ್ನು ಓಡು ಎಂದರು. ನೀನು ಓಡಲಿಲ್ಲ. ಕಟ್ಟೆ ಹತ್ತುವಾಗ ಎಡಗಾಲನ್ನೇ ಮುಂದಿಡುತ್ತಿದ್ದೆ, ಕೈ ತಾನಾಗಿ ಗೋಡೆಗೆ ಹೋಗುತ್ತಿತ್ತು. ಬೇರೆಯವರು ನೋಡಿದರೋ ಇಲ್ಲವೋ, ನಾನು ನೋಡುತ್ತಿದ್ದೆ. ಶಿವರಾತ್ರಿಯೊಳಗೆ ಬಂದು ಕೋಚ್ ಮುಂದೆ ಓಡಿ ತೋರಿಸು, ಇಲ್ಲದಿದ್ದರೆ ಈ ಸೀಸನ್ನಿನ ತಂಡದಲ್ಲಿ ಹೆಸರು ಇರುವುದಿಲ್ಲ ಎಂದು ಕ್ಲಬ್ಬಿನಿಂದ ಫೋನ್ ಬಂತು. ಇಪ್ಪತ್ತಾರರ ಹುಡುಗಿಗೆ ಒಂದು ಸೀಸನ್ ತಪ್ಪಿದರೆ ಮುಂದಿನ ಸಲ ಕರೆಯುವವರು ಯಾರು?

ಅಂದು ಅಡುಗೆಮನೆಯಲ್ಲಿ ಶೇಂಗಾ ಹುರಿಯುತ್ತಿದ್ದೆ. ನೀನು ಬಂದು ಬಾಗಿಲಿಗೆ ಒರಗಿ ನಿಂತೆ.

"ವೈನಿ, ನಾ ಇನ್ನ ಆಡಂಗಿಲ್ಲ. ಅಪ್ಪಗ ನೀವ ಹೇಳ್ರಿ."

"ಡಾಕ್ಟರ್ ಕಾಲು ಚೊಲೋ ಐತಿ ಅಂದಾರಲ್ಲ?"

"ಕಾಲು ಚೊಲೋನ ಐತಿ. ನನಗ ಅದರ ಮ್ಯಾಲ ನಂಬಿಗಿ ಇಲ್ಲ. ತಿರಗಬೇಕು ಅಂದ್ರ ಜೀವ ಝಲ್ ಅಂತೈತಿ."

"ನಾಳಿಗೆ ನೋಡೂಣು" ಅಂದೆ. ಹೊತ್ತಿದ ಶೇಂಗಾ ಚೆಲ್ಲುವ ನೆಪದಲ್ಲಿ ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ನೀನು ಸೋತೆ ಎಂದು ಅಳಲಿಲ್ಲ, ತಾಯಿ. ಬಾಗಿಲಿಗೆ ಅಡ್ಡ ನಿಂತು ಜಗ್ಗದ ಹುಡುಗಿ ತನ್ನದೇ ಕಾಲಿಗೆ ಹೆದರುವಂತಾಯಿತಲ್ಲ ಎಂದು ಅತ್ತದ್ದು. ಮಾವನವರಿಗೆ ನಾನು ಏನೂ ಹೇಳಲಿಲ್ಲ.

ಇನ್ನು ನಿನ್ನ ಮರ್ಯಾದೆಯ ವಿಷಯಕ್ಕೆ ಬರುತ್ತೇನೆ. ನನ್ನ ಮರ್ಯಾದೆಯೂ ಇದರಲ್ಲಿದೆ ಎಂದು ನೀನು ಹೇಳುತ್ತೀ, ನಾನು ಒಪ್ಪುವುದಿಲ್ಲ. ಕಾಲಿಗೆ ಭಾರ ಕಟ್ಟಿಕೊಂಡು ಎತ್ತುವ ವ್ಯಾಯಾಮವನ್ನು ನೀನು ಬಿಟ್ಟಿರಲಿಲ್ಲ, ಆದರೆ ನಿನ್ನ ಮರಳು ತುಂಬಿದ ಪಟ್ಟಿ ಹರಿದು ಮರಳು ಮನೆ ತುಂಬಾ ಚೆಲ್ಲುತ್ತಿತ್ತು. ಹೊಸದು ಹೊಲಿದುಕೊಡುತ್ತೇನೆ ಎಂದು ನಾನೇ ಕೂತೆ. ಮಾವನವರ ಹಳೆಯ ಧೋತರ ಹರಿದು ಎರಡು ಉದ್ದನೆಯ ಚೀಲ ಮಾಡಿದೆ. ಒಳಗೆ ಏನು ತುಂಬುವುದು? ಬೇರೆ ಊರಿನವರಾದರೆ ಅಕ್ಕಿಯನ್ನೋ ಜೋಳವನ್ನೋ ತುಂಬುತ್ತಿದ್ದರು. ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೆಣಸಿನ ಬೀಜದ ಚೀಲ ಕಣ್ಣಿಗೆ ಬಿತ್ತು. ನುಣುಪು, ಚುಚ್ಚುವುದಿಲ್ಲ, ಕಾಲಿನ ಸುತ್ತ ಚೆನ್ನಾಗಿ ಕೂರುತ್ತದೆ. ಬ್ಯಾಡಗಿ ಕಾಯಿ ಇರುವುದು ಬಣ್ಣಕ್ಕೆ, ಖಾರಕ್ಕಲ್ಲ ಎಂದು ನಾವೇ ಜಗತ್ತಿಗೆಲ್ಲ ಹೇಳುತ್ತೇವಲ್ಲ, ಅದನ್ನೇ ನಂಬಿ ಗಟ್ಟಿಯಾಗಿ ತುಂಬಿ ಹೊಲಿದೆ. ಮೊಣಕಾಲಿನ ಮೇಲೊಂದು, ಕೆಳಗೊಂದು ಕಟ್ಟಿದೆ. ನಿನಗೂ ಅನುಮಾನ ಬರಲಿಲ್ಲ. ಈ ಊರಿನ ಮೂಗುಗಳಿಗೆ ಘಾಟು ಗೊತ್ತಾಗುವುದು ಎಂದೋ ನಿಂತುಹೋಗಿದೆ.

ಮಾಳಿಗೆಯ ಮೇಲೆ ಬಿಸಿಲಿತ್ತು. ನೀನು ಕಾಲು ಎತ್ತಿದೆ, ಇಳಿಸಿದೆ, ಬೆವರಿದೆ. "ವೈನಿ, ಕಾಲು ಬೆಚ್ಚಗ ಆಗಾಕತ್ತೈತಿ, ಹಿತ ಅನಸ್ತೈತಿ" ಎಂದು ಮೇಲಿನಿಂದ ಕೂಗಿದೆ. ಅಂಗಳದಲ್ಲಿ ಹೆಂಗಸರ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ನಾನು, ನೋಡಿದಿರಾ ನನ್ನ ಬುದ್ಧಿ ಎಂಬಂತೆ ಪಕ್ಕದಲ್ಲಿ ಕೂತಿದ್ದ ಕರೆವ್ವನ ಕಡೆ ನೋಡಿದೆ. ತುಸು ಹೊತ್ತಿಗೆ ಮೇಲಿನಿಂದ ಬಂದ ಕೂಗು ಹಿತದ್ದಾಗಿರಲಿಲ್ಲ. ಚೀಲಗಳು ಹಾರಿಬಂದು ಅಂಗಳದಲ್ಲಿ ಬಿದ್ದವು. ಹಿಂದೆಯೇ ನೀನು. ಮೆಟ್ಟಿಲಿಳಿದೆಯೋ ಹಾರಿದೆಯೋ ದೇವರಿಗೇ ಗೊತ್ತು. ಮೆಣಸಿನಕಾಯಿಯ ರಾಶಿಯನ್ನು ದಾಟಿದೆ, ತುಳಸಿಕಟ್ಟೆಯ ಹತ್ತಿರ ಅದೇ ಬಲಗಾಲನ್ನು ಊರಿ ಗರಕ್ಕನೆ ತಿರುಗಿದೆ, ಓಡಿ ನೀರಿನ ತೊಟ್ಟಿಯೊಳಗೆ ಧಡಕ್ಕನೆ ಕೂತುಬಿಟ್ಟೆ.

ಕರೆವ್ವ ಕೈಯಲ್ಲಿದ್ದ ಕಾಯಿ ಕೆಳಗೆ ಹಾಕಿ, "ಅಯ್ಯ ಶಿವನ, ಕುಂಟಾಕಿ ಹೆಂಗ ಓಡಿದ್ಲ ನೋಡ್ರಿ!" ಅಂದಳು.

ನೀನು ತೊಟ್ಟಿಯಿಂದ ನನ್ನನ್ನು ಸುಡುವ ಹಾಗೆ ನೋಡಿದೆ. ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು. ಎದೆಮಟ್ಟ ನೀರಿನಲ್ಲಿ ಕೂತು, ಸಣ್ಣ ದನಿಯಲ್ಲಿ ಕೇಳಿದೆ.

"ವೈನಿ, ನಾ ಬಲಗಾಲ ಮ್ಯಾಲ ತಿರಗಿದ್ನೇನ್ರಿ?"

"ತಿರಗಿದಿ. ಮಂದಿ ನೋಡ್ಯಾರ, ಸುಳ್ಳ ಹೇಳಾಕ ಬರಂಗಿಲ್ಲ."

ನೀನು ನಗತೊಡಗಿದೆ. ನಗುತ್ತಲೇ ಉರಿಗೆ ಅಯ್ಯೋ ಅನ್ನುತ್ತಿದ್ದೆ. ಅತ್ತೆ ಕಡೆದಿಟ್ಟ ಬೆಣ್ಣೆಯನ್ನೆಲ್ಲ ತಂದು ನಿನ್ನ ಕಾಲಿಗೆ ಬಳಿದರು, ಬಳಿಯುವಷ್ಟು ಹೊತ್ತೂ ನನಗೆ ಮಂಗಳಾರತಿ ಮಾಡಿದರು. ಮಾವನವರು ಅಂಗಡಿಯಿಂದ ಬಂದು, ಚೀಲ ಬಿಚ್ಚಿ, ಒಂದು ಬೀಜ ಕಚ್ಚಿ ನೋಡಿ, "ಇದು ನಮ್ಮ ಕಾಯಿ ಬೀಜ ಅಲ್ಲ, ಆ ಖಾರದ ಗುಂಟೂರಿಂದು. ನಮ್ಮ ಹೆಸರು ಕೆಡಸಬ್ಯಾಡ್ರಿ" ಅಂದರು. ಮಗಳ ಕಾಲಿಗಿಂತ ಊರಿನ ಹೆಸರಿನ ಚಿಂತೆ ಅವರಿಗೆ. ಮರುದಿನ ಬೆಳಿಗ್ಗೆ ನೀನು ಕೆಂಪು ಕಾಲಿನಲ್ಲೇ ಸ್ಟೇಶನ್ ರಸ್ತೆಯಲ್ಲಿ ಓಡಿ ಬಂದೆ. ಶಿವರಾತ್ರಿಗೆ ಮುಂಚೆಯೇ ಕೇರಳದ ರೈಲು ಹತ್ತಿದೆ.

ನಾನು ಆ ಬೀಜದ ಬಗ್ಗೆ ಕ್ಷಮೆ ಕೇಳುವುದಿಲ್ಲ, ಕಾಯಬೇಡ.

ಕೋಚ್ ನಿನ್ನ ಹೆಸರು ತಂಡದಲ್ಲಿ ಇಟ್ಟುಕೊಂಡರು ಎಂದಾಗ ಅರ್ಧ ಜೀವ ಬಂತು. ಆದರೆ ಓಡಿ ತೋರಿಸುವುದು ಬೇರೆ, ಎದುರಾಳಿ ಮೈಮೇಲೆ ಬಂದಾಗ ನಿಲ್ಲುವುದು ಬೇರೆ. ಮ್ಯಾಚ್ ಮೇಲೆ ಮ್ಯಾಚ್ ನಿನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ನಿನ್ನೆಯೂ ಅರ್ಧ ಆಟ ಮುಗಿದರೂ ನೀನು ಹೊರಗೇ ಇದ್ದೆ. ಅತ್ತೆಗೆ ಏನನ್ನಿಸಿತೋ, ದೇವರ ಕೋಣೆಗೆ ಹೋಗದೆ ಪಡಸಾಲೆಯಲ್ಲೇ ಕೂತರು, ಟಿವಿಗೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ. ಕೊನೆಗೆ ನಿನ್ನನ್ನು ಒಳಗೆ ಕಳಿಸಿದರು. ಮಾವನವರು ಎದ್ದು ನಿಂತರು. ಎದುರು ತಂಡದ ಆ ಎತ್ತರದ ಹುಡುಗಿ ಚೆಂಡು ತೆಗೆದುಕೊಂಡು ಮೂಲೆಯ ಕಡೆ ಓಡಿಬಂದಳು. ನೀನು ಅವಳ ಪಕ್ಕದಲ್ಲೇ ಓಡಿದೆ, ಅವಳು ತಿರುಗಿದಾಗ ನೀನೂ ತಿರುಗಿದೆ, ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದಿರಿ. ಸರಿಯಾಗಿ ಅಷ್ಟೊತ್ತಿಗೆ ನೆಟ್‌ವರ್ಕ್ ಹೋಯಿತು. ನೀನು ನೆಲದ ಮೇಲೆ, ಕಾಲು ಅವಳ ಕೆಳಗೆ, ಟಿವಿಯ ಮೇಲೆ ಆ ದರಿದ್ರ ಚಕ್ರ ಸುತ್ತುತ್ತಿತ್ತು.

"ಎದ್ಲೇನ?" ಅತ್ತೆ ಗೋಡೆಗೇ ಕೇಳಿದರು.

ನಿಮ್ಮಣ್ಣ ಮೊಬೈಲ್ ಹಿಡಿದು ಸಿಗ್ನಲ್ ಹುಡುಕಿಕೊಂಡು ಅಂಗಳಕ್ಕೆ ಓಡಿದರು.

"ಸುಧಾ, ನೀ ಸುಳ್ಳ ಹೇಳಂಗಿಲ್ಲ. ಹೇಳವಾ, ಎದ್ಲೇನ?"

ನಾನು ರಿಮೋಟಿನ ಗುಂಡಿಗಳನ್ನೆಲ್ಲ ಒತ್ತಿದೆ, ದೀಪಿ. ನಾನೇ ತಳ್ಳಿ ಕಳಿಸಿದೆನಲ್ಲ, ನಿನಗೇ ಬೇಡವಾಗಿತ್ತಲ್ಲ ಎಂದು ಅಷ್ಟು ಹೊತ್ತಿನಲ್ಲೇ ಏನೇನೋ ಯೋಚಿಸಿಬಿಟ್ಟೆ. ಆಮೇಲೆ ಚಿತ್ರ ಬಂತು. ನೆಲದ ಮೇಲೆ ಯಾರೂ ಇರಲಿಲ್ಲ. ನೀನು ಗೆರೆಯ ಹತ್ತಿರ ನಿಂತು, ಸೊಂಟದ ಮೇಲೆ ಕೈ ಇಟ್ಟು, ನಿಮ್ಮದೇ ತಂಡದ ಯಾವಳಿಗೋ ತಾರಾಮಾರಾ ಬೈಯುತ್ತಿದ್ದೆ.

"ಎದ್ದಾಳ್ರೀ ಅತ್ತಿ" ಅಂದೆ. "ಎದ್ದು ಯಾರಿಗೋ ಬೈಯಾಕತ್ತಾಳ."

ಅತ್ತೆ ತಿರುಗಿ ನೋಡಿದರು. ಇಷ್ಟು ವರ್ಷಗಳಲ್ಲಿ ಅವರು ನಿನ್ನನ್ನು ಮೈದಾನದಲ್ಲಿ ನೋಡಿದ್ದು ಅದೇ ಮೊದಲು. ಮತ್ತೆ ಗೋಡೆಯ ಕಡೆ ತಿರುಗಲಿಲ್ಲ. ಆ ಎತ್ತರದವಳು ಇನ್ನೊಮ್ಮೆ ಬಂದಾಗ ನೀನು ಅದೇ ಕಾಲಿನ ಮೇಲೆ ತಿರುಗಿ ಚೆಂಡು ಕಸಿದೆ. ಒಂದು ಕ್ಷಣವೂ ಅನುಮಾನಿಸಲಿಲ್ಲ. ಆಗ ನಾನು ಬಿಟ್ಟ ಉಸಿರು ನೋಡು, ಹೋದ ವರ್ಷದಿಂದ ಹಿಡಿದಿಟ್ಟದ್ದು. ನಿಮ್ಮಪ್ಪ ಕಣ್ಣೊರೆಸಿಕೊಂಡು ಕೈಗೆ ಮೆಣಸಿನಕಾಯಿ ಹತ್ತಿತ್ತು ಎಂದರು.

ಆಟ ಮುಗಿದು ಟಿವಿ ಆರಿಸಲು ಹೋದೆ. ಅತ್ತೆ ನನ್ನ ಕೈ ಹಿಡಿದರು. ಸೋತರೋ ಗೆದ್ದರೋ ಎಂದು ಕೇಳಲಿಲ್ಲ. ಸೆರಗು ಸರಿಮಾಡಿಕೊಂಡು, ತುಸು ನಾಚಿಕೊಂಡು ಕೇಳಿದರು.

"ಮುಂದಿಂದು ಯಾವತ್ತ ಐತಿ?"

ಇದಕ್ಕೆ ಉತ್ತರವನ್ನು ನೀನೇ ಅವರಿಗೆ ಫೋನ್ ಮಾಡಿ ಹೇಳು. ಹೊಟ್ಟೆ ತುಂಬ ಉಣ್ಣು, ಎಣ್ಣೆ ಹಚ್ಚಿಕೋ, ಯಾರಿಗೂ ಬೈಯಬೇಡ ಅಂತ ನಾನು ಹೇಳುವುದಿಲ್ಲ. ನಿನ್ನ ಕಾಲು ನಿನ್ನ ಮಾತು ಕೇಳುತ್ತಿರಲಿ, ತಾಯಿ.

ಸದಾ ನಿನ್ನವಳೇ ಆದ,
ವೈನಿ