ಮೇಡಂ ಮನೆಗೆ ಹೋದ ಅಕ್ಕಿ

ನವೆಂಬರ್ 24, ಸೋಮವಾರ. ಬೆಳಿಗ್ಗೆ 5.10

ಬಾತ್‌ರೂಮ್. ಕಾಲೇಜಿಗಾಗಿ ಹಿಡಿದ ಈ ಬಾಡಿಗೆ ಮನೆಯಲ್ಲಿ ಒಳಗಿನಿಂದ ಚಿಲಕ ಇರುವುದು ಇದೊಂದಕ್ಕೇ. ಬಕೆಟ್ ಬೋರಲು ಹಾಕಿ ಕೂತಿದ್ದೇನೆ, ತೊಡೆಯ ಮೇಲೆ ಪೀಡಿಯಾಟ್ರಿಕ್ಸ್. ಒಂದೂವರೆ ಪುಟ ಆಯಿತು. ಅತ್ತೆ ಲಿಂಗಪೂಜೆಗೆ ಕೂತಿದ್ದಾರೆ, ಅಂದರೆ ಎರಡು ಖೋಲಿಯಲ್ಲಿ ಒಂದು ಹೋಯಿತು. ಇನ್ನೊಂದರಲ್ಲಿ ಮಕ್ಕಳು. ಚನ್ನವೀರನಿಗೆ ಮೂರು ವರ್ಷ, ಸುನಂದಾಗೆ ಏಳು ತಿಂಗಳು. ಒಬ್ಬರು ಎದ್ದರೆ ಇನ್ನೊಬ್ಬರು ಏಳಲೇಬೇಕು, ಹಾಗೊಂದು ಕರಾರು ಇದೆ ಅವರಿಬ್ಬರಲ್ಲಿ.

ಎಂಬಿಬಿಎಸ್ ಎರಡನೇ ವರ್ಷದಲ್ಲಿ ಮದುವೆ. ಓದು ನಿಲ್ಲಿಸುವುದಿಲ್ಲ ಅಂತ ಗಂಡನ ಮನೆಯವರು, ಮಾನ್ವಿಯ ರೈಸ್‌ಮಿಲ್ಲಿನವರು, ಮಾತು ಕೊಟ್ಟರು. ನಿಲ್ಲಿಸಿಲ್ಲ. ನಡುವೆ ಎರಡು ಹೆರಿಗೆ ಆದವು, ಅಷ್ಟೇ.

ಬಾಗಿಲು ಬಡಿಯುತ್ತಿದ್ದಾನೆ. "ಯವ್ವಾ, ಸುಸು ಬಂತು."

ನ. 26, ಬುಧ. ಮಧ್ಯಾಹ್ನ

ಬೋರ್ಡಿನಲ್ಲಿ ನನ್ನ ಹೆಸರು ಹಾಕಿದ್ದಾರೆ. ಪೀಡಿಯಾಟ್ರಿಕ್ಸ್ ಪೋಸ್ಟಿಂಗ್ — ಹಾಜರಿ ಎಂಟು ದಿನ ಕಡಿಮೆ.

ಆ ಎಂಟು ದಿನ ಎಲ್ಲಿದ್ದೆ? ಅದೇ ವಾರ್ಡಿನಲ್ಲಿ. ಹದಿನಾಲ್ಕನೇ ಬೆಡ್. ಸುನಂದಾಗೆ ನ್ಯುಮೋನಿಯಾ, ಮೂಗಿಗೆ ಆಕ್ಸಿಜನ್. ನನ್ನ ಬ್ಯಾಚಿನವರು ಬೆಡ್ ಸುತ್ತ ನಿಂತು ನನ್ನ ಮಗಳ ಉಸಿರು ಎಣಿಸಿದರು. ಅವರಿಗೆಲ್ಲ ಹಾಜರಿ ಬಿತ್ತು. ನಾನು ಏಪ್ರನ್ ಹಾಕಿರಲಿಲ್ಲ. ತಾಯಂದಿರಿಗೆ ಹಾಜರಿ ಇಲ್ಲ. ಮೊದಲು ನಗು ಬಂತು, ಆಮೇಲೆ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಎಚ್‌ಓಡಿ ಸರ್ವರಿ ಬೇಗಂ ಮೇಡಂ ಕರಗುವ ಹೆಂಗಸಲ್ಲ. ಆದರೂ ಒಂದು ದಾರಿ ಕೊಟ್ಟರು. "ನಾಕು ವಾರ ಶನಿವಾರ, ಐತವಾರ ವಾರ್ಡ್ ಡ್ಯೂಟಿ ಮಾಡು. ಎಂಟಕ್ಕ ಎಂಟು. ಏಳು ಮಾಡಿ ಬಂದು ನನ್ನ ಮುಂದ ಅಳಬ್ಯಾಡ. ಸಮ್ಝೀ?" ಎಂಟಾದರೆ ಸಹಿ ಹಾಕುತ್ತಾರೆ. ಇಲ್ಲದಿದ್ದರೆ ಜನವರಿ ಫೈನಲ್ ಪರೀಕ್ಷೆ ಇಲ್ಲ. ಆರು ತಿಂಗಳು ಮುಂದಕ್ಕೆ.

ಆ ಆರು ತಿಂಗಳು ಎಂದೂ ಮುಗಿಯುವುದಿಲ್ಲ, ನನಗೆ ಗೊತ್ತು. ಒಮ್ಮೆ ಗಂಟುಮೂಟೆ ಮಾನ್ವಿಗೆ ಹೋದರೆ ಹೋಯಿತು. ಮಾನ್ವಿಯಲ್ಲೇ ಗಿರಣಿ ನೋಡಿಕೊಳ್ಳುವ ನನ್ನ ಗಂಡ ಪ್ರಸಾದ್ ಹೇಳಿಯೂ ಆಗಿದೆ — "ಈ ಸಲ ಆಗ್ಲಿಲ್ಲಂದ್ರ ಹುಡುಗ್ರು ದೊಡ್ಡವರಾಗ್ಲಿ ಬಿಡು, ಆಮ್ಯಾಲ ನೋಡೂಣು." ಆಮ್ಯಾಲ! ಆ ಶಬ್ದ ಕೇಳಿದರೆ ಮೈ ಉರಿಯುತ್ತದೆ.

ನ. 30, ಭಾನುವಾರ. ಸಂಜೆ

ಎರಡು ಡ್ಯೂಟಿ ಆಯಿತು. ಹೊರಡುವಾಗ ಚನ್ನು ಏಪ್ರನ್ ಹಿಡಿದು ನೇತಾಡಿದ. ಬಿಡಿಸಿಕೊಂಡೆ. ಗುಂಡಿಯೊಂದು ಅವನ ಕೈಯಲ್ಲೇ ಉಳಿಯಿತು.

ಶನಿವಾರ-ಭಾನುವಾರ ಅಂದರೆ ಅತ್ತೆ ಮಾನ್ವಿಗೆ ಹೋಗುವ ದಿನ. ನಾನು ಮಕ್ಕಳನ್ನು ನೋಡಿಕೊಳ್ಳುತ್ತಿದ್ದೆ, ಅವರು ತಮ್ಮ ಮನೆ, ತಮ್ಮ ಎಮ್ಮೆ, ತಮ್ಮ ಕಟ್ಟೆ ನೋಡಿ ಬರುತ್ತಿದ್ದರು. ಈಗ ಅದೂ ಹೋಯಿತು. ಸಿಟ್ಟಿಲ್ಲ, ಆದರೆ ಸುಮ್ಮನೂ ಇರುವವರಲ್ಲ. "ನಿನಗ ಕಾಲೇಜು, ನನಗ ಜೇಲು. ಊರಾಗ ಕಟ್ಟಿಗೆ ಕುಂತ್ರ ಹತ್ತು ಮಂದಿ ಮಾತಾಡ್ಸ್ತಾರ. ಇಲ್ಲಿ ಗ್ವಾಡಿ ಕೂಡ ಮಾತಾಡ್ಬೇಕು."

ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ. ಸುಳ್ಳೇನಲ್ಲ.

ಡಿಸೆಂಬರ್ 7, ಭಾನುವಾರ

ನಾಲ್ಕು. ವಾರ್ಡಿನಲ್ಲಿ ಯಾರದೋ ಕೂಸು ಅತ್ತಿತು, ನನ್ನ ಎದೆ ಹಾಲು ಏಪ್ರನ್ ಮೇಲೆಲ್ಲ. ಕೇಸ್‌ಶೀಟ್ ಅಡ್ಡ ಹಿಡಿದು ರೌಂಡ್ಸ್ ಮುಗಿಸಿದೆ.

ದೇವದುರ್ಗದಿಂದ ನನ್ನ ಅವ್ವನ ಫೋನ್. "ಹುಡುಗ್ರನ್ನ ತಂದು ನನ್ನ ಹತ್ರ ಬಿಡವಾ, ಎರಡು ತಿಂಗಳ ಮಾತು." ಪ್ರಸಾದ್‌ಗೆ ಹೇಳಿದೆ. ಬೀಗರ ಮನೆಯಲ್ಲಿ ತಮ್ಮ ಮಕ್ಕಳು ಬೆಳೆದರೆ ಮಂದಿ ಏನಂದಾರು ಅಂದರು. ಮಂದಿ ಬಂದು ಡೈಪರ್ ಬದಲಾಯಿಸುತ್ತಾರೇನು? ಕೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಡಿ. 14

ಆರು. ನಿದ್ದೆ...

ಡಿ. 20, ಶನಿವಾರ. ಮಧ್ಯಾಹ್ನ 3



ಬೆಳಿಗ್ಗೆ ಡಿಪಾರ್ಟ್‌ಮೆಂಟ್ ಅಟೆಂಡರ್ ಮೀರಾಹುಸೇನ ಬಾಗಿಲಲ್ಲೇ ತಡೆದ. "ಅಕ್ಕಾರ, ನಿನ್ನೆ ನಿಮ್ಮ ಮಾವಾರು ಬಂದಿದ್ರು. ದೊಡ್ಡ ಮೇಡಂ ಕ್ವಾರ್ಟರ್ಸ್ ಮುಂದ ಎರಡು ಚೀಲ ಅಕ್ಕಿ ಇಳಿಸಿ ಹೋಗ್ಯಾರ. ಮೇಡಂ ಭಾಳ ಗರಂ ಆಗ್ಯಾರ."

ಮಾವ ಶರಣಯ್ಯನವರು. ಪ್ರತಿ ವರ್ಷ ಹೊಸ ಭತ್ತ ಗಿರಣಿಗೆ ಬಿದ್ದಾಗ ಮೊದಲ ಅಕ್ಕಿ ಮಾರುವುದಿಲ್ಲ. ಚೀಲಕ್ಕೆ ವಿಭೂತಿ ಹಚ್ಚಿ ಮಠಕ್ಕೆ ಕಳಿಸುತ್ತಾರೆ, ಆಮೇಲೆ ಆ ವರ್ಷ ಮನೆಗೆ ಉಪಕಾರ ಮಾಡಿದವರಿಗೆ. ಈ ವರ್ಷ ಮೊಮ್ಮಗಳ ಉಸಿರು ಉಳಿಸಿದ ಡಾಕ್ಟರಿಗೆ. ಅಷ್ಟಕ್ಕೇ ಬಿಟ್ಟಿದ್ದರೆ! ಹೊರಡುವಾಗ ಪಕ್ಕದ ಕ್ವಾರ್ಟರ್ಸಿನವರು, ನಾಲ್ಕು ಪಿ.ಜಿ. ಡಾಕ್ಟರ್‌ಗಳು ನಿಂತಿರುವಾಗ ಕೈಮುಗಿದು ಹೇಳಿದ್ದಾರೆ — "ನಮ್ಮ ಸೊಸಿ ಹಾಜರಿದು ಸ್ವಲ್ಪ ನೋಡ್ರಿ ತಾಯಿ."

ಮೇಡಂ ಹತ್ತಿರ ಹೋದೆ. ನನ್ನನ್ನು ಕೂರಿಸಲಿಲ್ಲ. "ಈಗ ನಾನು ಸಹಿ ಹಾಕಿದ್ರ ಏನಂತಾರ? ಎರಡು ಚೀಲಕ್ಕ ಎಂಟು ದಿನ ಮಾರಿದ್ಲು ಅಂತಾರ. ಇಪ್ಪತ್ತಾರು ವರ್ಷ ನೌಕರಿ ಮಾಡೀನಿ ನಾನು."

"ಮೇಡಂ, ವಾಪಸ್ ಕಳಿಸಿಬಿಡ್ರಿ..."

"ನಾನ್ಯಾಕ ಕಳಿಸ್ಲಿ? ನಿಮ್ಮ ಮನಿಯವರು ತಂದಾರ, ನಿಮ್ಮ ಮನಿಯವರೇ ಬಂದು, ಅದೇ ಮಂದಿ ಮುಂದ ಹೊತ್ಕೊಂಡು ಹೋಗ್ಲಿ. ಬುಧವಾರದ ಒಳಗ. ಆಮ್ಯಾಲ ಸಹಿ."

ಏಳನೇ ಡ್ಯೂಟಿ ಮಾಡಿಯೇ ಬಂದೆ.

ಡಿ. 22, ಸೋಮವಾರ. ಬೆಳಿಗ್ಗೆ 7, ಬಸ್

ಮಾನ್ವಿಯಿಂದ ವಾಪಸ್. ಮಡಿಲಲ್ಲಿ ಸುನಂದಾ. ಅಕ್ಷರ ಕುಣಿಯುತ್ತಿವೆ.

ನಿನ್ನೆ ಎಂಟನೇ ಡ್ಯೂಟಿ ಮುಗಿಸಿ, ಮನೆಯಿಂದ ಇವಳನ್ನು ಎತ್ತಿಕೊಂಡು ಬಸ್ಸು ಹತ್ತಿದ್ದೆ. ಪೋತ್ನಾಳದ ಭತ್ತದ ಲಾರಿಗಳು ಅಂಗಳದ ತುಂಬ. ಮಾವ ತಲೆ ಮೇಲಿನ ಹೊಟ್ಟು ಕೊಡವಿಕೊಂಡು ಬಂದು ಮೊಮ್ಮಗಳನ್ನು ಎತ್ತಿಕೊಂಡರು. ಎಲ್ಲ ಹೇಳಿದೆ. ಮುಖ ಸಣ್ಣದಾಯಿತು.

"ತಪ್ಪಾತವ್ವಾ. ಹಾಜರಿ ಮಾತು ನಾ ಆಡಬಾರದಿತ್ತು."

"ಹಂಗಾರ ಬಂದು ಒಯ್ರಿ ಮಾವಾರ. ಇಲ್ಲಂದ್ರ ನನ್ನ ಪರೀಕ್ಷಿ ಹೋಕ್ಕದ."

"ಮೇಡಮ್ಮಾರ ಕಾಲಿಗೆ ಬೇಕಾರ ಬೀಳ್ತೀನಿ. ಅಕ್ಕಿ ಮಾತ್ರ ಹೊಳ್ಳಿ ತರಂಗಿಲ್ಲ. ಇಬತ್ತಿ ಹಚ್ಚಿ ಹೊಸ್ತಿಲ ದಾಟಿಸಿದ್ದು ಅದು. ನಮ್ಮ ಮುತ್ಯಾನ ಕಾಲದಿಂದ ಒಂದು ಕಾಳು ಹೊಳ್ಳಿ ಬಂದಿಲ್ಲ."

ಬೈದಿದ್ದರೆ ಜಗಳ ಆಡಬಹುದಿತ್ತು. ತಲೆ ಸವರಿದರು. "ಆರು ತಿಂಗಳು ಯಾವ ದೊಡ್ಡ ಮಾತು ಬಿಡವ್ವಾ. ಮನಿಗೆ ಬಾ, ಹುಡುಗ್ರು ಬಡವಾಗ್ಯಾವ." ಪ್ರಸಾದ್ ನೆಲ ನೋಡುತ್ತ ನಿಂತಿದ್ದರು. ಇವರ ಪ್ರೀತಿಗೆ ಬಾಗಿಲೇ ಇಲ್ಲ, ಎಲ್ಲಿಂದ ಹೊರಗೆ ಹೋಗಲಿ ನಾನು?

ಡಿ. 23, ಮಂಗಳವಾರ

ಅತ್ತೆಗೆ ನಿನ್ನೆಯೇ ಎಲ್ಲ ಹೇಳಿದ್ದೆ. ರೊಟ್ಟಿ ಬಡಿಯುತ್ತ ಕೇಳಿಸಿಕೊಂಡರು. ನಾನು ಮನಸ್ಸಿನಲ್ಲಿ ಪುಸ್ತಕ ಕಟ್ಟಿಡಲು ಶುರು ಮಾಡಿದ್ದೆ. ಪರೀಕ್ಷೆ ಹೋದರೆ ಅವರಿಗೆ ಲಾಭವೇ — ನಾಳೆಯೇ ಊರು, ಎಮ್ಮೆ, ಕಟ್ಟೆ.

ಇವತ್ತು ಬೆಳಿಗ್ಗೆ ಪೂಜೆ ಮುಗಿಸಿ, ಇಳಕಲ್ ಸೀರೆ ಉಟ್ಟು ಬಂದು ನಿಂತರು. "ಆಟೋ ಕರಿ. ಮೇಡಮ್ಮನ ಮನಿ ತೋರಸು."

"ಅತ್ತೀ, ಮಾವಾರು—"

"ನಿಮ್ಮ ಮಾವಗ ಹೋದ ಅಕ್ಕಿ ಕಾಣ್ತದ. ನನ್ನ ಎಂಟು ದಿನ ಹೋಗಿದ್ದು ಕಾಣಂಗಿಲ್ಲ. ನೀ ಅಲ್ಲಿ ಎಂಟು ಮಾಡೀದಿ, ನಾ ಇಲ್ಲಿ ಎಂಟು ಮಾಡೀನಿ, ಈ ಎರಡು ರಾಕ್ಷಸರನ್ನ ಕಟ್ಕೊಂಡು. ಅದನ್ನ ನೀರಾಗ ಹಾಕಾಕ ಬರಂಗಿಲ್ಲ. ಪಾಪ ಹತ್ತಿದ್ರ ನನಗ ಹತ್ಲಿ."

ಕ್ವಾರ್ಟರ್ಸ್ ಮುಂದೆ ಜನ ನೋಡುತ್ತಿದ್ದರು. ಮೀರಾಹುಸೇನ ಎತ್ತಲು ಬಂದ, ಬೇಡ ಅಂದರು. ಅರವತ್ತರ ಹೆಂಗಸು, ಇಪ್ಪತ್ತೈದು ಕೆ.ಜಿ. ಚೀಲ. ಒಂದು ತುದಿ ಅವರು, ಇನ್ನೊಂದು ನಾನು. ಎರಡು ಸಲ. ಆಮೇಲೆ ಬಾಗಿಲಲ್ಲಿ ನಿಂತಿದ್ದ ಮೇಡಂ ಮುಖ ನೋಡಿ ಹೇಳಿದರು — "ನಮ್ಮ ಮನಿ ಗಂಡಸಿಗೆ ತಿಳೀಲಿಲ್ರಿ. ಈ ಹುಡುಗಿ ಮಾತ್ರ ಒಂದು ದಿನ ತಪ್ಪಿಸಿಲ್ಲ."

"ಗೊತ್ತದ, ಅಮ್ಮಾ," ಅಂದರು ಮೇಡಂ. ದನಿ ಬೇರೆಯಾಗಿತ್ತು. "ಬರ್ರಿ, ಕುಂದರ್ರಿ. ಚಾ ಕುಡೀರಿ." ಅತ್ತೆ ಕೂರಲಿಲ್ಲ.

ಡಿ. 26

ಪರೀಕ್ಷೆಗೆ ಕೂರುವವರ ಪಟ್ಟಿಯಲ್ಲಿ ನನ್ನ ಹೆಸರಿದೆ. ಮೂರು ಸಲ ಓದಿದೆ.

ಮನೆಗೆ ಓಡಿ ಬಂದು ಹೇಳಿದೆ. "ಛಲೋ ಆತು. ಓದ್ಕೋ ಹೋಗು," ಅಂದರು ಅತ್ತೆ. ಮಾವ ಅತ್ತೆಯ ಫೋನ್ ಎತ್ತುತ್ತಿಲ್ಲ.

ಜನವರಿ 3

ಚೀಲಗಳು ಮಕ್ಕಳ ಖೋಲಿಯಲ್ಲಿ. ಇದ್ದ ಜಾಗವೂ ಹೋಯಿತು. ಚನ್ನು ಅವುಗಳ ಮೇಲೆ ಹತ್ತಿ ಬಸ್ ಓಡಿಸುತ್ತಾನೆ, "ಮಾನ್ವಿ, ಮಾನ್ವಿ" ಅಂತ ಕೂಗುತ್ತಾನೆ. ಅತ್ತೆ ದಿನಾ ನಮಗೆ ಆ ಅಕ್ಕಿಯ ಅನ್ನ ಬಡಿಸುತ್ತಾರೆ. ತಾವು ರೊಟ್ಟಿ ಮಾತ್ರ. ನನಗೆ ತುತ್ತು ಇಳಿಯುವುದಿಲ್ಲ, ಆದರೂ ತಿನ್ನುತ್ತೇನೆ. ತಿನ್ನದಿದ್ದರೆ ಹಾಲು ಬರುವುದಿಲ್ಲ.

ಅವರು ಮಾಡಿದ್ದಕ್ಕೆ ಥ್ಯಾಂಕ್ಸ್ ಹೇಳಬೇಕು. ಬಾಯಿಗೆ ಬರುತ್ತಿಲ್ಲ. ಫೇಲಾದರೆ ಇವರ ಮುಖ ಹೇಗೆ ನೋಡಲಿ?

ಜ. 11, ಭಾನುವಾರ. ಮಧ್ಯಾಹ್ನ 2

ನಾಳೆ ಮೊದಲ ಪೇಪರ್.

ಮಾವನ ಫೋನ್ ಬಂತು. ಅತ್ತೆಯದಕ್ಕಲ್ಲ, ನನ್ನದಕ್ಕೆ. ಮಕ್ಕಳು ಹೇಗಿದ್ದಾರೆ, ಕೇಳಿದರು. ಪೇಪರ್ ಎಷ್ಟೊತ್ತಿಗೆ, ಕೇಳಿದರು. "ಧೈರ್ಯದಿಂದ ಬರಿಯವ್ವಾ." ಸಿಟ್ಟಿಲ್ಲದ ದನಿ. ಎದೆ ಹಗುರಾಯಿತು. ಫೋನ್ ಅತ್ತಿಯವರಿಗೆ ಕೊಡ್ಲೇನ್ರಿ, ಅಂದೆ.



"ಬ್ಯಾಡ. ಅಕಿಗೆ ಹೇಳು — ಪರೀಕ್ಷಿ ಮುಗದ ಮ್ಯಾಲೂ ಅಲ್ಲೇ ಇರ್ಲಿ. ನಾ ಕೊಟ್ಟದ್ದನ್ನ ಕಸ್ಕೊಂಡು ಬಂದಾಕಿ, ನನ್ನ ಹೊಸ್ತಿಲ ತುಳಿಯೂದು ಬ್ಯಾಡ."

ಇಟ್ಟರು.

ತಿರುಗಿದರೆ ಅತ್ತೆ, ಅಡುಗೆಮನೆ ಬಾಗಿಲಲ್ಲಿ. ಕೈಯೆಲ್ಲ ಜೋಳದ ಹಿಟ್ಟು. ಮುಖದಲ್ಲಿ ನಗು — ನಾನು ತಿಂಗಳಿಂದ ನೋಡಿರದ ನಗು. "ಅವರೇ ಅಲ್ಲ? ಮಾತಾಡಿದ್ರಲ್ಲ ಮತ್ತ? ನನಗ ಗೊತ್ತಿತ್ತು, ಎಷ್ಟು ದಿನ ಸಿಟ್ಟು ಹಿಡೀತಾರ. ಏನಂದ್ರು? ನಿನ್ನ ಪರೀಕ್ಷಿ ಮುಗದ್ರ ನಾನು ಬಸ್ಸಿಗೇ ಬರೂದೋ, ಗಾಡಿ ಕಳಸ್ತಾರಂತೋ?"

ನಾನು "ಆಮ್ಯಾಲ ಹೇಳ್ತೀನ್ರಿ ಅತ್ತೀ" ಅಂದು ಬಾತ್‌ರೂಮಿಗೆ ಬಂದು ಚಿಲಕ ಹಾಕಿಕೊಂಡೆ.