ಕುಂಬಳದ ಹೂವಿನೊಳಗಿನ ನೀರು

ಕಾಟನಬಂಡೆ, ಇಸವಿ ಎರಡು ಸಾವಿರದ ನಾಲ್ಕುನೂರ ಹನ್ನೊಂದು, ಹದಿಮೂರನೇ ತಿಂಗಳು, ಬೆಳಗಿನ ಹೊತ್ತು.

ಹೆಸರು ಗೊತ್ತಿಲ್ಲದ ಅವ್ವನಿಗೆ ನಿಂಗಾಜಿ ಮಾಡುವ ನಮಸ್ಕಾರ. ನೀನು ಸತ್ತು ಮುನ್ನೂರು ವರ್ಷದ ಮೇಲಾಗಿದೆ. ನನ್ನ ಮಾತು ವಿಚಿತ್ರ ಅನಿಸಿದರೆ ಹೊಟ್ಟೆಗೆ ಹಾಕಿಕೋ. ಈ ಕಾಗದ ಹಿಂದಕ್ಕೆ ಹೇಗೆ ಬಂತು ಎಂದು ಕೇಳಬೇಡ. ತಲುಪದಿದ್ದರೂ ಬರೆಯದೆ ಬಿಡುವವಳಲ್ಲ ನಾನು. ನಿನ್ನ ಮೇಲೆ ನನಗೆ ಅಷ್ಟು ಸಿಟ್ಟಿದೆ.

ನಾವಿರುವುದು ನೆಲಮನೆಗಳಲ್ಲಿ, ಅಂದರೆ ಬಂಡೆಯಡಿ ತೋಡಿದ ಕೋಣೆಗಳಲ್ಲಿ. ಹೊತ್ತೇರಿದ ಮೇಲೆ ಹೊರಗೆ ಕಾಲಿಟ್ಟರೆ ಮೈಚರ್ಮ ಸುಲಿದು ಬರುತ್ತದೆ. ಎಳೆಬಿಸಿಲು ಇರುವಷ್ಟು ಹೊತ್ತೇ ನಮ್ಮ ಹಗಲು; ಆಗ ಊರಿಗೆ ಊರೇ ಹಿತ್ತಲಿಗೆ ಓಡುತ್ತದೆ. ಈ ಮಣ್ಣಿನಲ್ಲಿ ಕುಂಬಳದ ಬಳ್ಳಿ ಬಿಟ್ಟರೆ ಬೇರೇನೂ ಹಬ್ಬದು. ಕುಡಿ ಸಾರಿಗೆ, ಕಾಯಿ ಪಲ್ಯಕ್ಕೆ, ಹುರಿದ ಬೀಜ ಮಕ್ಕಳ ಬಾಯಿಗೆ. ಜೇನುಹುಳಗಳು ನಮ್ಮಜ್ಜಿಯ ಕಾಲಕ್ಕೇ ಇಲ್ಲವಾದವು. ಗಂಡುಹೂವಿನ ಪುಡಿಯನ್ನು ಕುಂಚದಲ್ಲಿ ಹೆಣ್ಣುಹೂವಿಗೆ ಸೋಕಿಸುವವನನ್ನು ನಾವು ಮುಟ್ಟುಗಾರ ಎನ್ನುತ್ತೇವೆ. ನಮ್ಮೂರಿನ ಮುಟ್ಟುಗಾರ ನನ್ನ ಅಣ್ಣ ಕಾಟಯ್ಯ.

ಹೋದ ವರ್ಷ ಕಾಯಿ ಕಚ್ಚುವುದು ಕಡಿಮೆಯಾಯಿತು. ಅಣ್ಣ ದಿಕ್ಕು ತೋಚದೆ ನೀನು ತೆಗೆದ ಫೋಟೋದ ಮುಂದೆ ಕೂತ. ಅದು ನಮ್ಮ ದೊಡ್ಡಕೋಣೆಯ ಗೋಡೆ ತುಂಬ ಇದೆ. ಕುಂಬಳದ ಹೂವು, ಪಕ್ಕದಿಂದ ಬಿದ್ದ ಎಳೆಬಿಸಿಲು, ಎಸಳಿನ ನರನರವೂ ಕಾಣುತ್ತದೆ. ಹಾಳಾದ್ದು, ಎಷ್ಟು ಚೆಂದ ತೆಗೆದಿದ್ದೀಯ! ಹೂವಿನೊಳಗೆಲ್ಲ ನೀರಿನ ಹನಿ. ಹೂವು ಚೆನ್ನಾಗಿದ್ದ ಕಾಲದಲ್ಲಿ ಅದರೊಳಗೆ ನೀರು ನಿಲ್ಲುತ್ತಿತ್ತು, ನಾವು ಒಣಗಿಸಿ ಕೊಲ್ಲುತ್ತಿದ್ದೇವೆ ಎಂದು ಅಣ್ಣ ಊರವರಿಗೆ ಹೇಳಿದ. ಊರು ನಂಬಿತು, ನಾನೂ ನಂಬಿದೆ.

ಅಂದಿನಿಂದ ದಿನಾ ಬೆಳಿಗ್ಗೆ ಕುಡಿಯುವ ನೀರು ಹೂವಿನ ಬಾಯಿಗೆ ಹೋಯಿತು. ಕಾಯಿ ಇನ್ನೂ ಕಡಿಮೆಯಾಯಿತು. ನೀರು ಸಾಲದು ಎಂದು ಅಣ್ಣ ಇನ್ನಷ್ಟು ಹಾಕಿಸಿದ; ನಮ್ಮ ಪಾಲು ಮನೆಗೆ ಅರ್ಧ ಚೊಂಬಿಗಿಳಿಯಿತು. ಎರಡು ವರ್ಷದ ನನ್ನ ಮಗಳು ಚೆಲುವಿ ಬರಿದಾದ ಚೊಂಬು ನೆಕ್ಕುತ್ತಾ ನನ್ನ ತೊಡೆಯ ಮೇಲೆ ಪ್ರಾಣ ಬಿಟ್ಟಳು.

ಮಾರನೆಯ ಬೆಳಿಗ್ಗೆ ನನ್ನ ಗಂಡ ಸಣ್ಣಬೋರ ಹಾರೆ ಎತ್ತಿಕೊಂಡ. ಅವನ ಹಿಂದೆ ಕೇರಿಯ ಗಂಡಸರು ನಡೆದರು. ಅಣ್ಣ ಬಳ್ಳಿಗಳಿಗೆ ಅಡ್ಡ ನಿಂತು, ಊರು ಉಳಿಯಬೇಕಾದರೆ ಹೂವು ಉಳಿಯಬೇಕು ಎಂದು ಕೂಗಿದ. ಹಾರೆ ಅವನ ತಲೆಗೆ ಬಿತ್ತು. ಬಿದ್ದವನನ್ನೂ ನನ್ನ ಗಂಡ ಬಿಡಲಿಲ್ಲ. ಮುಖ ಗುರುತು ಸಿಗದಷ್ಟು ಹೊಡೆದ. ಅಣ್ಣನ ಕಡೆಯವರು ಕುಡುಗೋಲು ಹಿಡಿದು ನುಗ್ಗಿದರು. ಮುಂಜಾನೆಯ ಹೂವುಗಳ ಮೇಲೆ ಹೆಣಗಳು ಬಿದ್ದವು. ಬಿಸಿಲೇರಿತೆಂದು ಗಾಯಗೊಂಡವರನ್ನು ಅಲ್ಲೇ ಬಿಟ್ಟು ಎಲ್ಲರೂ ಒಳಗೆ ಓಡಿದರು. ಅವರ ಚೀರಾಟ ಬಂಡೆ ದಾಟಿ ಕೇಳುತ್ತಿತ್ತು.

ಹೊತ್ತು ಮುಳುಗಿದ ಮೇಲೆ ಅಣ್ಣನ ಹೆಣವನ್ನು ತಂದು ದೊಡ್ಡಕೋಣೆಯ ಗೋಡೆಗೆ ಒರಗಿಸಿದ್ದರು. ನಿನ್ನ ಫೋಟೋಗೆ ಮೆತ್ತಿದ್ದ ರಕ್ತ ಒರೆಸುವಾಗ ಒಂದು ದೊಡ್ಡ ಹನಿಯಲ್ಲಿ ಏನೋ ಕಂಡಿತು. ಹತ್ತಿರ ಹೋದೆ. ಬಳೆ ತೊಟ್ಟ ಕೈಯ ಪ್ರತಿಬಿಂಬ, ಆ ಕೈಯಲ್ಲಿ, ಒತ್ತಿದರೆ ನೀರು ಚಿಮ್ಮುವ ಬಾಟಲಿ. ಅಂಥದ್ದೊಂದು ನಮ್ಮಲ್ಲೂ ಇದೆ. ನೀರು ಹೂವಿನದ್ದಲ್ಲ, ನಿನ್ನದು! ಮರುದಿನ ನೀರು ಹಾಕದ ಹೂವಿಗೇ ಕುಂಚ ಮುಟ್ಟಿಸಿ ಕಾದೆ. ವಾರ ಕಳೆದರೂ ಹೀಚು ಉದುರಲಿಲ್ಲ. ನೀರು ತಾಗಿ ಪುಡಿ ಮುದ್ದೆಗಟ್ಟುತ್ತಿತ್ತು, ಅಷ್ಟೇ.

ಚೆಂದ ಕಾಣಲಿ ಎಂದು ನೀನು ಹಾಗೆ ಮಾಡಿದೆ, ನನಗೆ ಅರ್ಥವಾಗುತ್ತದೆ. ಆದರೂ ಕೇಳು. ನಾಳೆ ಕ್ಯಾಮೆರಾ ಹಿಡಿದು ಹಿತ್ತಲಿಗೆ ಹೋಗುವಾಗ ಆ ಬಾಟಲಿ ಒಳಗಿಟ್ಟು ಹೋಗು. ಇರುವೆ ಹರಿಯುತ್ತಿದ್ದರೆ ಹರಿಯಲಿ, ಎಸಳನ್ನು ಹುಳ ತಿಂದಿದ್ದರೆ ಹಾಗೇ ತೆಗಿ. ನಮಗೆ ನೋಡಲು ಬೇರೆ ಹೂವಿಲ್ಲ.

ಕೊಂದವನನ್ನು ನಡುಮಧ್ಯಾಹ್ನ ಹೊರಗೆ ಕಟ್ಟಿಹಾಕುವುದು ನಮ್ಮ ಪದ್ಧತಿ. ಹಗಲಿಗೆ ಹಾಕುವುದು ಎನ್ನುತ್ತೇವೆ. ಸತ್ತವನ ತಂಗಿಯೂ ನೀನೇ, ಕೊಂದವನ ಹೆಂಡತಿಯೂ ನೀನೇ, ನೀನೇ ಹೇಳು ಎಂದು ಊರು ತೀರ್ಪನ್ನು ನನಗೆ ಬಿಟ್ಟಿತು. ಹಾಕಿ ಎನ್ನಲು ಬಾಯಿವರೆಗೆ ಬಂದಿತ್ತು. ಆದರೆ ಚೆಲುವಿಯನ್ನು ಮಣ್ಣಿಗಿಟ್ಟ ಕೈಯೂ ಅವನದೇ. ಅಣ್ಣನನ್ನು ಮಣ್ಣಿಗಿಡುವ ಮುಂಚೆ ಕತ್ತರಿಸಿಟ್ಟಿದ್ದ ತಲೆಗೂದಲಿನಿಂದ ಕುಂಚ ಕಟ್ಟಿ ಗಂಡನ ಕೈಗೆ ಕೊಟ್ಟೆ. ಬದುಕಿರುವವರೆಗೂ ಸತ್ತವನ ಕೆಲಸ ಅವನೇ ಮಾಡಬೇಕು.

ಇವತ್ತು ಮೊದಲ ದಿನ. ಬಿಸಿಲು ಈಗಷ್ಟೇ ಬಂತು. ಅವನು ಹೂವಿನ ಮುಂದೆ ಮಂಡಿಯೂರಿ, ಆ ಕೂದಲು ನೋಡುತ್ತಾ ಬಿಕ್ಕುತ್ತಿದ್ದಾನೆ. ನಾನು ಹಿಂದೆಯೇ ನಿಂತು ಹೇಳಿದೆ:

“ಅಳೋದಾದರೆ ಮುಖ ಆಚೆ ತಿರುಗಿಸಿ ಅಳು. ಹೂವಿನೊಳಗೆ ಒಂದು ಹನಿ ಬೀಳಬಾರದು.”